ನಾಲ್ಕು ಜಿಬಿ ದಾಟಿದ ಮದುವೆ

"ಮೇಡಂ, ಧಾರೆಗೆ ಮುಂಚೇನೇ ನಿಂತ್ಬಿಟ್ಟೈತೆ. ಮುಂದಕ್ಕೆ ಹೋಗ್ತಾನೇ ಇಲ್ಲ."

ಹೊಸದುರ್ಗದ ಸ್ಟುಡಿಯೋದವರ ಫೋನು. ನಾನು ಚಿತ್ರದುರ್ಗದ ನಮ್ಮ ಲ್ಯಾಬಿನಲ್ಲಿ ಆಗಷ್ಟೇ ಊಟದ ಡಬ್ಬಿ ಬಿಚ್ಚಿದ್ದೆ. ಇವರ ಫೋನು ಬಂತೆಂದರೆ ಅನ್ನ ಆರಿದ ಹಾಗೇ ಲೆಕ್ಕ. "ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದ್ರಾ?" ಎಂದು ಕೇಳಿದೆ. ಯಾರು ಫೋನ್ ಮಾಡಿದರೂ ನಾನು ಮೊದಲು ಕೇಳುವುದು ಅದನ್ನೇ.

"ಮಾಡ್ದೆ, ಮತ್ತೂ ಮಾಡ್ದೆ. ಹೊರಗೋಗಿ ಟೀನೂ ಕುಡ್ಕೊಂಡ್ ಬಂದೆ. ಅಲ್ಲೇ ನಿಲ್ತೈತೆ."

ನಮ್ಮದು ಮದುವೆ ಆಲ್ಬಂ ಪ್ರಿಂಟ್ ಮಾಡುವ ಲ್ಯಾಬು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಸ್ಟುಡಿಯೋದವರೆಲ್ಲ ಕೆಲಸ ಕೊಡುವುದು ನಮಗೇ. ಒಂದು ಮದುವೆಯ ಫೋಟೋ, ವಿಡಿಯೋ ಎಲ್ಲ ಸೇರಿಸಿ, ಒತ್ತಿ, ಒಂದೇ ಫೈಲ್ ಮಾಡಿಡುವುದಕ್ಕೆ ನಮ್ಮ ಮಾಲೀಕರು ಹಿಂದೆ ಯಾರ ಕೈಲೋ ಒಂದು ಪ್ರೋಗ್ರಾಮ್ ಬರೆಸಿ ಎಲ್ಲರಿಗೂ ಪುಕ್ಕಟೆ ಹಂಚಿದ್ದರು. ಅದರ ಹೆಸರು 'ಗಂಟು'. ಬರೆದವರು ಬಿಟ್ಟು ಹೋದ ಮೇಲೆ ಅದು ನನ್ನ ತಲೆಗೆ ಬಂದು ಕೂತಿತು. ಗಂಟು ಕಟ್ಟಿದ ಮೇಲೆ ಪ್ರೋಗ್ರಾಮ್ ತಾನೇ ಒಮ್ಮೆ ಓದಿ ನೋಡಿ 'ಗಂಟು ಸರಿ ಇದೆ' ಅಂತ ಹಸಿರು ಗುರುತು ತೋರಿಸುತ್ತದೆ. ಆ ಹಸಿರು ಕಂಡರೆ ಸಾಕು, ನಮ್ಮ ಸ್ಟುಡಿಯೋದವರು ಮೆಮೊರಿ ಕಾರ್ಡ್ ಖಾಲಿ ಮಾಡಿಕೊಂಡು ಮುಂದಿನ ಛತ್ರಕ್ಕೆ ಓಡುತ್ತಾರೆ.

"ಒರಿಜಿನಲ್ ಕಾರ್ಡ್‌ನಲ್ಲಿ ಇದೆಯಲ್ಲ?" ಎಂದೆ.

"ಕಾರ್ಡ್‌ನಾಗೆ ಈಗ ಬೇರೆಯವ್ರ ಮದುವೆ ಐತೆ ಮೇಡಂ. ನಿಮ್ದು ಹಸಿರು ಬಂತಲ್ಲ, ಅಳಿಸ್ದೆ."

"ಕಂಪ್ಯೂಟರ್‌ನಲ್ಲಿ?"

"ಅಲ್ಲೂ ಅಳಿಸ್ದೆ. ಜಾಗ ಎಲ್ಲೈತೆ?"

ಅಂದರೆ ಇಡೀ ಮದುವೆ ಉಳಿದಿರುವುದು ಆ ಒಂದು ಗಂಟಿನಲ್ಲಿ ಮಾತ್ರ, ಅದೂ ಸರಿಯಾಗಿ ಬಿಚ್ಚಿಕೊಳ್ಳುತ್ತಿಲ್ಲ. "ಹಾರ್ಡ್‌ಡಿಸ್ಕ್‌ನ ಬಸ್ ಡ್ರೈವರ್ ಕೈಲಿ ಕೊಟ್ ಕಳಿಸ್ಲಾ? ಬಸ್‌ಸ್ಟ್ಯಾಂಡ್‌ನಾಗೆ ಇಸ್ಕಳ್ರಿ" ಎಂದರು. ನಮ್ಮ ಕಡೆ ಹೂವಿನ ಹಾರದಿಂದ ಹಿಡಿದು ಪಂಪ್‌ಸೆಟ್ಟಿನ ಸ್ಪೇರ್ ಪಾರ್ಟಿನವರೆಗೆ ಎಲ್ಲ ಹೋಗುವುದು ಹಾಗೆಯೇ. "ಅಯ್ಯೋ ಮಹಾರಾಯರೇ, ಅದನ್ನ ಮುಟ್ಟಲೂಬೇಡಿ, ನಾನೇ ಬರ್ತೀನಿ" ಎಂದು ಡಬ್ಬಿ ಮುಚ್ಚಿದೆ.

ಹೊಳಲ್ಕೆರೆ ಮೇಲೆ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೊಸದುರ್ಗ ತಲುಪಿದಾಗ ಅವರು ಯಾರದೋ ಪಾಸ್‌ಪೋರ್ಟ್ ಸೈಜಿನ ಫೋಟೋ ಕತ್ತರಿಸುತ್ತಿದ್ದರು. ನನಗೆ ಸ್ಟೂಲ್ ಎಳೆದು "ಕುಂತ್ಕಳ್ರಿ" ಎಂದರು. ನಾನು ಕೂರುವ ಮೊದಲೇ ಆ ಗಂಟಿನ ಎರಡು ಪ್ರತಿ ಮಾಡಿಕೊಂಡೆ, ಒಂದು ನನ್ನ ಡಿಸ್ಕಿಗೆ, ಇನ್ನೊಂದು ಅವರ ಬೇರೊಂದು ಡಿಸ್ಕಿಗೆ. ಮೂಲವನ್ನು ಬೀರುವಿನಲ್ಲಿ ಬೀಗ ಹಾಕಿಸಿದೆ. ಕೆಟ್ಟ ಫೈಲಿನ ಮೇಲೆ ನೇರವಾಗಿ ಕೈ ಇಟ್ಟರೆ ಇರುವುದೂ ಹೋಗುತ್ತದೆ.

ಪ್ರತಿ ಆಗುವಷ್ಟು ಹೊತ್ತು ಅವರು ಮದುವೆಯ ವಿಷಯ ಹೇಳಿದರು. ಹುಡುಗಿ ಕುರಿ ಕಾಯುವ ಮನೆಯವಳು. ಅಪ್ಪ ಅವಳು ಚಿಕ್ಕವಳಿದ್ದಾಗಲೇ ತೀರಿಹೋದರು. ಸಾಕಿ ಓದಿಸಿದ್ದು ದೊಡ್ಡಪ್ಪ, ಧಾರೆ ಎರೆಯಬೇಕಾಗಿದ್ದೂ ಅವರೇ. ಮದುವೆ ಹೊತ್ತಿಗೆ ಅವರ ಕುರಿಹಿಂಡು ಹಿರಿಯೂರಿನಿಂದ ಆಚೆ ಯಾರದೋ ಹೊಲದಲ್ಲಿತ್ತು. ಜೊತೆಗಿದ್ದವನು ಹಿಂಡು ನೋಡಿಕೊಳ್ಳುತ್ತಾನೆ, ಇವರು ಬರುತ್ತಾರೆ ಎಂದು ಮಾತಾಗಿತ್ತು. ಮುಹೂರ್ತದ ಹಿಂದಿನ ದಿನ ಅವನಿಗೆ ಜ್ವರ ಬಂದು ಮಲಗಿಬಿಟ್ಟ. ಅಷ್ಟು ಕುರಿ ಬಿಟ್ಟು ಬರುವಂತಿಲ್ಲ. ಧಾರೆ ಎರೆದದ್ದು ಚಿಕ್ಕಪ್ಪ.

"ಅವರತ್ರ ಇರೋದು ಕೀ ಒತ್ತೋ ಫೋನು ಮೇಡಂ, ಒಂದ್ ಫೋಟೋನೂ ನೋಡಿಲ್ಲ. ಈಗ ಹಿಂಡು ಈ ಕಡೆ ಬರ್ತಾ ಐತೆ. ಭಾನುವಾರ ಒಂದಿನ ಬರ್ತಾರೆ, ಸೋಮವಾರ ಮತ್ತೆ ದೂರ ಹೊಂಟೋಗ್ತಾರೆ. 'ಧಾರೆ ಒಂದು ಪೂರ್ತಿ ತೋರ್ಸಪ್ಪ' ಅಂತ ಹೇಳಿ ಕಳ್ಸವ್ರೆ. ನಾನು ಹೂಂ ಅಂದ್ಬಿಟ್ಟೀನಿ."

ಹೂಂ ಅಂದುಬಿಟ್ಟಿದ್ದಾರೆ! ಇವರು ಹೂಂ ಅನ್ನುವುದು, ನಾನು ಓಡುವುದು.

ಗಂಟಿನ ಒಳಗಿನ ಪಟ್ಟಿ ತೆಗೆದು ನೋಡಿದೆ. ಧಾರೆಯ ವಿಡಿಯೋ ಎದುರಿಗೆ ಎರಡು ಜಿಬಿಗೂ ಕಡಿಮೆ ಅಂತ ಬರೆದಿದೆ. ಆದರೆ ಗಂಟು ನೋಡಿದರೆ ಅದಕ್ಕಿಂತ ಎಷ್ಟೋ ದಪ್ಪ. ವಿಡಿಯೋ ಆದಮೇಲೆ ಇರಬೇಕಾದ ಫೋಟೋಗಳಂತೂ ಒಂದೂ ಸಿಗುತ್ತಿಲ್ಲ.

"ಈ ವಿಡಿಯೋ ಒಂದೇ ಎಷ್ಟು ದೊಡ್ಡದಿತ್ತು?"

"ಆರು ಜಿಬಿ ಹತ್ರ."

"ಸಾಧ್ಯವೇ ಇಲ್ಲ. ನಿಮ್ಮ ಕ್ಯಾಮೆರಾ ನಾಲ್ಕು ಜಿಬಿಗೆ ತಾನೇ ಕಡಿದು ಹೊಸ ಫೈಲ್ ಮಾಡುತ್ತೆ."

"ಅದು ಕಡೀತೈತೆ. ನಾನು ಕೂಡಿಸ್ತೀನಿ" ಎಂದರು, ಇದೇನು ಕೇಳುವ ಮಾತೇ ಎಂಬಂತೆ. "ಧಾರೆನ ತುಂಡು ಮಾಡ್ಬಾರ್ದು ಮೇಡಂ. ನಮ್ಮ ಗಿರಾಕಿಗಳು ಒಪ್ಪಲ್ಲ. ಗಂಡು ಹೆಣ್ಣು ಕೈಗೆ ಕೈ ಸೇರ್ಸೋ ಹೊತ್ನಾಗೆ ಫೈಲು ಎರಡಾದ್ರೆ ಏನ್ ಚಂದ? ನಮ್ಮಪ್ಪ ಕ್ಯಾಸೆಟ್ ಕಾಲದಾಗೂ ಧಾರೆಗೆ ಹೊಸಾ ಕ್ಯಾಸೆಟ್ಟೇ ಹಾಕ್ತಿದ್ರು, ನಡುವೆ ಮುಗೀಬಾರ್ದು ಅಂತ. ಮೊದಲು ಕೂಡ್ಸಿ ಒಂದು ಮಾಡ್ತೀನಿ, ಆಮೇಲೆ ಗಂಟು ಕಟ್ತೀನಿ."

ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ಗೊತ್ತಾಗಲಿಲ್ಲ. ಕ್ಯಾಮೆರಾ ನಾಲ್ಕು ಜಿಬಿಗೆ ಕಡಿಯುತ್ತದೆ ಎಂಬ ಧೈರ್ಯದ ಮೇಲೆ ಈ ಪ್ರೋಗ್ರಾಮ್ ಬರೆದವರು ಬರೆದಿದ್ದರು, ಅದೇ ಧೈರ್ಯದ ಮೇಲೆ ನಾನೂ ಪರೀಕ್ಷೆ ಮಾಡುತ್ತಿದ್ದೆ. ಕಡಿದದ್ದನ್ನು ಕೂಡಿಸಿ ಒಂದು ಮಾಡುವವರು ಹೊಸದುರ್ಗದಲ್ಲಿ ಕೂತಿದ್ದಾರೆ ಎಂದು ಯಾರು ಕಂಡಿದ್ದರು?

ಆಗಿದ್ದು ಇಷ್ಟು. ಫೈಲಿನ ಅಳತೆ ಬರೆದಿಡಲು ಪ್ರೋಗ್ರಾಮ್ ಕೊಟ್ಟಿದ್ದ ಜಾಗ ಮೂವತ್ತೆರಡು ಬಿಟ್‌ನದು. ಅದರಲ್ಲಿ ನಾಲ್ಕು ಜಿಬಿಗೆ ಒಂದು ಬೈಟ್ ಕಡಿಮೆ ಎನ್ನುವಷ್ಟು ಅಂಕಿ ಮಾತ್ರ ಹಿಡಿಯುತ್ತದೆ. ಅದನ್ನು ದಾಟಿದರೆ ಹಳೇ ಬೈಕಿನ ಕಿಲೋಮೀಟರ್ ಮೀಟರ್ ಒಂಬತ್ತುಗಳೆಲ್ಲ ಮುಗಿದು ಸೊನ್ನೆಗೆ ತಿರುಗುವ ಹಾಗೆ ಮತ್ತೆ ಮೊದಲಿನಿಂದ ಎಣಿಕೆ. ಆರು ಜಿಬಿ ಹೋಗಿ ಎರಡರ ಒಳಗೆ ಬಂದು ನಿಂತಿತ್ತು. ಕಟ್ಟುವಾಗ ವಿಡಿಯೋ ಪೂರ್ತಿ ಒಳಗೆ ಹೋಗಿದೆ. ಬಿಚ್ಚುವಾಗ ಮಾತ್ರ ಮೇಲೆ ಬರೆದ ಸುಳ್ಳು ಅಂಕಿ ನಂಬಿ ನಡುವೆ ಕೈ ಬಿಡುತ್ತದೆ. ಅದರ ಮುಂದಿನ ಫೋಟೋಗಳನ್ನು ಹುಡುಕುವುದೂ ಆ ಸುಳ್ಳು ಅಂಕಿ ಹಿಡಿದೇ, ಅಂದರೆ ವಿಡಿಯೋದ ಹೊಟ್ಟೆಯೊಳಗೆ. ಇನ್ನು ಆ ಹಸಿರು ಗುರುತು! ಅದೂ ಅದೇ ಸುಳ್ಳು ಅಂಕಿಯಷ್ಟು ಓದಿ, ಓದಿದ್ದು ಸರಿ ಇದೆ ಎಂದು ಸಂತೋಷವಾಗಿ ಹಸಿರು ತೋರಿಸಿತ್ತು.

ಚಿತ್ರದುರ್ಗಕ್ಕೆ ವಾಪಸ್ ಬಂದು ಮಾಲೀಕರಿಗೆ ಹೇಳಿದೆ. ಅವರು ಪೂರ್ತಿ ಕೇಳಿ, "ಚಿಕ್ಕ ಜಾಗ ದೊಡ್ಡ ಜಾಗ ಮಾಡಿದ್ರಾಯ್ತಲ್ಲಮ್ಮ. ಒಂದು ಸಾಲು. ಅದಕ್ಯಾಕೆ ಇಷ್ಟು ರಾದ್ಧಾಂತ?" ಎಂದರು.

ನಮ್ಮ ಮಾಲೀಕರಿಗೆ ಜಗತ್ತಿನ ಎಲ್ಲ ರಿಪೇರಿಯೂ ಒಂದು ಸಾಲು. ಒಳ್ಳೆಯವರೇ, ಕಷ್ಟಕ್ಕೆ ಆಗುವವರೇ. ಆದರೆ ಹಿಂದೆ ನಿಂತು "ಆಯ್ತೇನಮ್ಮ?" ಎನ್ನುತ್ತಿದ್ದರೆ ಬರೆದ ಸಾಲೂ ಮರೆತುಹೋಗುತ್ತದೆ.

ಜಾಗ ದೊಡ್ಡದು ಮಾಡಿದರೆ ಮುಂದೆ ಕಟ್ಟುವ ಗಂಟುಗಳಿಗೆ ಸರಿ. ಈಗಾಗಲೇ ಕಟ್ಟಿದ್ದರಲ್ಲಿ ಸುಳ್ಳು ಅಂಕಿ ಕೂತಾಗಿದೆ. ಮೀಟರ್ ಎಷ್ಟು ಸಲ ತಿರುಗಿತು ಎಂಬುದು ಮೀಟರ್ ನೋಡಿದರೆ ತಿಳಿಯುವುದಿಲ್ಲ. ಹಾಗಾಗಿ ಆ ಅಂಕಿಯನ್ನು ನಂಬುವುದನ್ನೇ ಬಿಟ್ಟೆ. ಗಂಟಿನೊಳಗೆ ವಿಡಿಯೋ ಸಮಸಮ ತುಂಡುಗಳಾಗಿ ಇರುತ್ತದೆ. ಪ್ರತಿ ತುಂಡಿನ ತಲೆಯ ಮೇಲೆ ಅದರ ಉದ್ದ, ತುಂಡು ಕೆಟ್ಟಿಲ್ಲವೆಂದು ನೋಡಲು ಒಂದು ತಾಳೆ ಅಂಕಿ. ಮೊದಲ ತುಂಡಿನಿಂದ ಹೊರಟು ಒಂದೊಂದನ್ನೇ ದಾಟುತ್ತಾ ಹೋಗುವುದು, ಮುಂದಿನ ಫೈಲಿನ ಗುರುತು ಸಿಕ್ಕ ಕಡೆ ನಿಲ್ಲುವುದು. ಹಾಗೆ ಬರೆದು ಓಡಿಸಿದೆ. ಈ ಸಲ ನಡುವೆ ನಿಲ್ಲಲಿಲ್ಲ. ಆರು ಜಿಬಿ ಹತ್ತಿರದ ಫೈಲ್ ಹೊರಬಂತು.

"ಬಂತಲ್ಲ! ನಾ ಹೇಳ್ಲಿಲ್ವಾ?" ಎಂದು ಮಾಲೀಕರು ಟೇಬಲ್ ತಟ್ಟಿದರು.

ನಾನು ಹಾಕಿ ನೋಡಿದೆ. ಛತ್ರದ ಬಾಗಿಲು, ಪನ್ನೀರು, ಗಂಡಿನ ಕಡೆಯವರು ಬಂದರು, ಹಸೆಮಣೆ. ಮೊದಲು ನಿಂತಿದ್ದ ಜಾಗ ದಾಟಿತು. ಖುಷಿಯಾಯಿತು. ಪುರೋಹಿತರು ಏನೋ ಹೇಳುತ್ತಿದ್ದಾರೆ, ಹುಡುಗಿ ತಲೆ ಎತ್ತಿದಳು, ಅಷ್ಟರಲ್ಲಿ ಛತ್ರದ ಬಾಗಿಲು, ಪನ್ನೀರು, ಗಂಡಿನ ಕಡೆಯವರು ಮತ್ತೆ ಬಂದರು. ಮದುವೆ ಮತ್ತೆ ಮೊದಲಿನಿಂದ ಶುರು!

ಅಳತೆ ಬರೆಯುವ ಜಾಗ ದೊಡ್ಡದು ಮಾಡಿದ್ದೆ. ಕೊನೆಯವರೆಗೆ ತುಂಡು ಎಣಿಸಿದ್ದೂ ಸರಿಯೇ. ಎಣಿಸಿದ್ದನ್ನು ಹೊರಗೆ ಬರೆಯುವಾಗ ಎಲ್ಲಿದ್ದೇವೆ ಎಂದು ಲೆಕ್ಕ ಇಡುವ ಇನ್ನೊಂದು ಅಂಕಿ ಇತ್ತಲ್ಲ, ಅದು ಇನ್ನೂ ಚಿಕ್ಕದೇ. ಅದೂ ನಾಲ್ಕು ಜಿಬಿಗೆ ಬಂದು ಸೊನ್ನೆಗೆ ತಿರುಗಿ, ವಿಡಿಯೋದ ಆರಂಭವನ್ನೇ ಮತ್ತೆ ತಂದು ಅಂಟಿಸಿತ್ತು. ತಾಳೆ ಅಂಕಿಗಳೂ ಸರಿ ಬಂದವು, ಯಾಕೆಂದರೆ ತುಂಡುಗಳೇನೂ ಕೆಟ್ಟಿರಲಿಲ್ಲ, ಒಂದೇ ತುಂಡು ಎರಡು ಸಲ ಬಂದಿತ್ತು ಅಷ್ಟೇ. ಹೊರಗಿನಿಂದ ಎಲ್ಲ ಸರಿ, ಒಳಗೆ ಧಾರೆಯೇ ಇಲ್ಲ.

ನಾನು ಈ ಕಡೆ ತಲೆ ಕೆರೆದುಕೊಳ್ಳುತ್ತಿದ್ದರೆ ಮಾಲೀಕರು ಆ ಕಡೆ ಒಂದು ಘನಕಾರ್ಯ ಮಾಡಿದ್ದರು. ಆರು ಜಿಬಿ ಅಂತ ಅಳತೆ ನೋಡಿದ್ದೇ ತಡ, ಆ ಹೊಸ ಪ್ರೋಗ್ರಾಮನ್ನು ಹಿರಿಯೂರಿನ ಸ್ಟುಡಿಯೋಗೆ ಕಳಿಸಿಬಿಟ್ಟಿದ್ದರು. "ಅವ್ರೂ ದೊಡ್ಡ ಫೈಲ್ ಕಟ್ಬೇಕು ಅಂತಿದ್ರು, ಪಾಪ" ಎಂದರು ತಣ್ಣಗೆ.

ಪಾಪ! ಹಿರಿಯೂರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಿದರು.

"ಈಗ ಕಳಿಸಿದ ಗಂಟು ಪ್ರೋಗ್ರಾಮಿನಲ್ಲಿ ಏನಾದ್ರೂ ಕಟ್ಟಿದ್ರಾ?"

"ಕಟ್ಟಿದೀನ್ರಿ, ಹಸಿರು ಬಂತು. ಈಗ ಕಾರ್ಡ್ ಫಾರ್ಮ್ಯಾಟ್ ಮಾಡಾಣ ಅಂತ ಕುಂತಿದ್ದೆ, ಕರೆಂಟ್ ಹೋತು. ಯುಪಿಎಸ್ಸೂ ಕೈ ಕೊಡ್ತು. ಏನ್ ಕರ್ಮನೋ ಏನೋ ನಮ್ದು."

"ಕರೆಂಟಿನವರಿಗೆ ಕೈ ಮುಗೀರಿ! ಕಾರ್ಡ್ ತೆಗೆದು ಜೇಬಿಗೆ ಹಾಕ್ಕಳ್ರಿ. ಯಾರಿಗೂ ಕೊಡಬೇಡ್ರಿ!"

"ಯಾಕ್ರೀ, ಹಸಿರು ಬಂತಲ್ಲ?"

ಆ ಹಸಿರೇ ತಪ್ಪು ಎಂದು ಹೇಳಿ ಫೋನ್ ಇಟ್ಟೆ. ಇಡೀ ಜಿಲ್ಲೆಯ ಸ್ಟುಡಿಯೋದವರು ನನ್ನನ್ನೂ ನಂಬುವುದಿಲ್ಲ, ಮಾಲೀಕರನ್ನೂ ನಂಬುವುದಿಲ್ಲ, ಆ ಹಸಿರು ಗುರುತನ್ನು ಮಾತ್ರ ದೇವರಂತೆ ನಂಬುತ್ತಾರೆ. ಆ ಹಸಿರು ಬರುವುದು ನಾವು ಬರೆದ ತಪ್ಪು ಲೆಕ್ಕದಿಂದ. ಹೊಸದುರ್ಗದ ಧಾರೆ ಬಿಡಿಸಿಕೊಟ್ಟು ಸುಮ್ಮನಾದರೆ ನಾಳೆ ಇನ್ಯಾರದೋ ಮನೆಯದು ಹೋಗುತ್ತದೆ.

ಅಲ್ಲೇ ತೀರ್ಮಾನ ಮಾಡಿದೆ. ಎದ್ದು ಮಾಲೀಕರ ಹತ್ತಿರ ಹೋಗಿ, "ಸಾರ್, ಹಸಿರು ಗುರುತು ತೆಗೀತಾ ಇದೀನಿ. ಈ ಪ್ರೋಗ್ರಾಮ್ ಇನ್ನು ನಾನು ಹೇಳೋವರೆಗೆ ಯಾರಿಗೂ ಹೋಗಬಾರದು. ಮತ್ತೆ ಎಲ್ಲ ಸ್ಟುಡಿಯೋಗೂ ಒಂದು ಮೆಸೇಜ್ ಹಾಕ್ಬೇಕು, ಗಂಟು ಕಟ್ಟಿದ ಮೇಲೂ ಒರಿಜಿನಲ್ ಅಳಿಸಬೇಡಿ ಅಂತ" ಎಂದೆ.

ಅವರ ಮುಖ ಸಣ್ಣದಾಯಿತು. "ನಮ್ ಪ್ರೋಗ್ರಾಮ್ ಸರಿ ಇಲ್ಲ ಅಂತ ನಾವೇ ಡಂಗುರ ಹೊಡೆಯೋದಾ? ಹೆಸರು ಏನಾಗುತ್ತಮ್ಮ?"

"ಒಂದು ಮದುವೆ ಹೋದ್ರೆ ಏನಾಗುತ್ತೆ ಸಾರ್ ಹೆಸರು?"

"ಹೋಗಿಲ್ವಲ್ಲ ಇನ್ನೂ."

"ನೀವು ಹಾಕ್ತೀರೋ, ನಾನು ಹಾಕಲೋ?"

ಅವರು ನನ್ನ ಮುಖ ನೋಡಿ, "ಹಾಕ್ಕೊಳ್ಳಮ್ಮ. ನನ್ ಹೆಸರು ಕೆಳಗೆ ಹಾಕು, ನಿನ್ನ ಮೇಲೆ ಯಾರೂ ಕೂಗಾಡೋದು ಬೇಡ" ಎಂದು ಎದ್ದು ಹೊರಗೆ ಹೋದರು. ಆ ಹೊತ್ತಿನಲ್ಲಿ ಅವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ಸ್ಟುಡಿಯೋದವರ ಗ್ರೂಪಿಗೆ ಮೆಸೇಜ್ ಹಾಕಿದೆ. ದೊಡ್ಡ ಅಕ್ಷರದಲ್ಲಿ ಅಳಿಸಬೇಡಿ, ಅಳಿಸಬೇಡಿ ಎಂದು ಬರೆದೆ. ಒಬ್ಬರು ಕೈ ಮುಗಿಯುವ ಚಿತ್ರ ಹಾಕಿದರು. ಒಬ್ಬರು ಶುಭೋದಯ ಎಂದು ಗುಲಾಬಿ ಹೂವು ಹಾಕಿದರು. ಇನ್ನೊಬ್ಬರು "ನಮ್ ಆಲ್ಬಂ ಯಾವಾಗ ಬರುತ್ತೆ" ಎಂದು ಕೇಳಿದರು. ಇವರಿಗೆಲ್ಲ ಏನು ಹೇಳಿ ಸಾಯಲಿ? ಒಬ್ಬೊಬ್ಬರಿಗೂ ಫೋನ್ ಮಾಡಿ ಬಾಯಿಬಿಟ್ಟು ಹೇಳಬೇಕಾಯಿತು.

ಆಮೇಲೆ ಕೂತೆ. ಪ್ರೋಗ್ರಾಮ್ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಎಲ್ಲೆಲ್ಲಿ ಕೂಡುತ್ತದೆ, ಎಲ್ಲೆಲ್ಲಿ ಗುಣಿಸುತ್ತದೆ, ಎಲ್ಲೆಲ್ಲಿ ದೊಡ್ಡ ಅಂಕಿಯನ್ನು ಚಿಕ್ಕ ಜಾಗಕ್ಕೆ ತುರುಕುತ್ತದೆ, ಅಷ್ಟನ್ನೂ ಗುರುತು ಹಾಕಿದೆ. ಹಿಂದಿನವರು ಕಾವಲು ಇಟ್ಟಿರಲಿಲ್ಲ ಎಂದೇನಲ್ಲ. ಕಾವಲು ಇಟ್ಟ ರೀತಿಯೇ ತಪ್ಪು. 'ಇಲ್ಲಿಯವರೆಗಿನದಕ್ಕೆ ಈ ತುಂಡು ಕೂಡಿಸು, ಒಟ್ಟು ಮೀರಿತೋ ನೋಡು' ಎಂದು ಬರೆದಿದ್ದರು. ಕೂಡಿಸಿದ ಕ್ಷಣವೇ ಮೀಟರ್ ತಿರುಗಿ ಸಣ್ಣ ಅಂಕಿ ಬಂದಿರುತ್ತದೆ. ಆಮೇಲೆ ನೋಡಿದರೆ ಮೀರಿದ್ದು ಹೇಗೆ ಕಾಣಬೇಕು? ನೀರಿನ ಟ್ಯಾಂಕರ್ ಬಂದಾಗ ಸಂಪಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ನಾವು ಪೈಪು ಬಿಡುವ ಮೊದಲೇ ಬಗ್ಗಿ ನೋಡುತ್ತೇವಲ್ಲ, ಹಾಗೆ ಕೇಳಬೇಕು. ಒಟ್ಟಿನಲ್ಲಿ ಉಳಿದಿರುವುದೆಷ್ಟು, ಈ ತುಂಡು ಅದಕ್ಕಿಂತ ದೊಡ್ಡದೋ? ದೊಡ್ಡದಾದರೆ ಕೂಡಲೇಬೇಡ, ಅಲ್ಲೇ ನಿಲ್ಲು, ಯಾವ ಫೈಲಿನಲ್ಲಿ ನಿಂತೆ ಎಂದು ಹೇಳು.

ಒಂದೊಂದು ಕಡೆ ತಿದ್ದುವುದು ಬಿಟ್ಟು, ಕೂಡುವುದಕ್ಕೆ ಒಂದು, ಗುಣಿಸುವುದಕ್ಕೆ ಒಂದು, ಜಾಗ ಬದಲಿಸುವುದಕ್ಕೆ ಒಂದು ಅಂತ ಕಾವಲಿನ ತುಣುಕು ಬರೆದು, ಫೈಲಿನಿಂದ ಬಂದ ಯಾವ ಅಂಕಿಯೂ ಅವುಗಳ ಕೈ ದಾಟದೆ ಒಳಗೆ ಹೋಗದಂತೆ ಮಾಡಿದೆ. ಪರೀಕ್ಷೆಗೆ ನಾಲ್ಕು ಜಿಬಿಗೆ ಒಂದೇ ಬೈಟ್ ಕಡಿಮೆಯ ಫೈಲು, ಸರಿಯಾಗಿ ನಾಲ್ಕರದು, ಒಂದು ಬೈಟ್ ಹೆಚ್ಚಿನದು ಮಾಡಿದೆ. ತಲೆಯ ಮೇಲೆ ಬೇಕೆಂದೇ ಸುಳ್ಳು ಅಳತೆ ಬರೆದ ಗಂಟುಗಳನ್ನೂ ಮಾಡಿದೆ. ಹಸಿರು ಗುರುತಿನ ಜಾಗದಲ್ಲಿ, ಕಟ್ಟಿದ ಗಂಟನ್ನು ನಿಜವಾಗಿಯೂ ಬಿಚ್ಚಿ, ಒರಿಜಿನಲ್ ಜೊತೆ ಅಕ್ಷರ ಅಕ್ಷರ ಹೋಲಿಸಿ ಆಮೇಲೆ ಮಾತ್ರ ಸರಿ ಎನ್ನುವ ಹಾಗೆ ಮಾಡಿದೆ. ಇದರಿಂದ ಕೆಲಸ ನಿಧಾನವಾಯಿತು. "ಇಷ್ಟೊತ್ತಾ?" ಎಂದರು ಮಾಲೀಕರು. ನಾನು ತಿರುಗಿ ನೋಡಿದೆ. "ಆಗ್ಲಿ ಬಿಡು" ಎಂದರು.

ಹೊಸದುರ್ಗದ ಗಂಟನ್ನು ಮತ್ತೆ ಬಿಚ್ಚಿದೆ. ಮದುವೆ ಎರಡನೇ ಸಲ ಶುರುವಾಗಲಿಲ್ಲ. ಕೊನೆಯ ತುಂಡು ಮುಗಿದ ಕಡೆ ಸರಿಯಾಗಿ ಮುಂದಿನ ಫೈಲಿನ ಗುರುತು ಸಿಕ್ಕಿತು, ಹಿಂದೆ ಸಿಗದಿದ್ದ ಫೋಟೋಗಳೂ ಒಂದೊಂದಾಗಿ ಬಂದವು. ಮೊದಲ ಸಲ ಬೇಗ ಬೀಗಿ ಪೆಟ್ಟು ತಿಂದಿದ್ದೆನಲ್ಲ, ಈ ಸಲ ಸಂತೋಷಪಡುವುದಕ್ಕೂ ಹೆದರಿಕೆ. ಹೊಳಲ್ಕೆರೆಯ ಸ್ಟುಡಿಯೋದವರ ಹತ್ತಿರ ಮೂವತ್ತೆರಡು ಬಿಟ್‌ನ ಅಜ್ಜನ ಕಾಲದ ಕಂಪ್ಯೂಟರ್ ಒಂದಿತ್ತು. ಹೊಸದುರ್ಗದವರದೂ ಹೆಚ್ಚು ಕಡಿಮೆ ಅದೇ ವಯಸ್ಸಿನದು. ಭಾನುವಾರ ಬೆಳಿಗ್ಗೆ ಹೊರಟವಳು ಹೊಳಲ್ಕೆರೆಯಲ್ಲಿ ಇಳಿದು ಮೊದಲು ಅದರಲ್ಲಿ ಓಡಿಸಿದೆ.

ನಾಲ್ಕು ಜಿಬಿ ಹತ್ತಿರ ಹೋಗಿ ಟಕ್ ಅಂತ ನಿಂತು, 'ಲೆಕ್ಕ ಮೀರುತ್ತಿದೆ, ನಿಲ್ಲಿಸಿದ್ದೇನೆ' ಎಂದಿತು.

"ನಿಂತೇ ಹೋಯ್ತಲ್ಲ ಮೇಡಂ! ಮುಂಚೆ ಓಡ್ತಾನಾದ್ರೂ ಇತ್ತು. ಇದ್ಯಾವ ಸೀಮೆ ರಿಪೇರಿ?" ಎಂದು ಅಲ್ಲಿನವರು ಕೇಳಿದರು.

ನನಗೋ ಆ ಮೆಸೇಜ್ ನೋಡಿ ಹೋದ ಜೀವ ಬಂದ ಹಾಗಾಗಿತ್ತು. ಮೊದಲ ಸಲ ಈ ಪ್ರೋಗ್ರಾಮ್ ಸುಳ್ಳು ಹೇಳದೆ ನಿಂತಿತ್ತು, ಎಲ್ಲಿ ನಿಂತೆ ಎಂದೂ ಹೇಳಿತ್ತು. ಎಷ್ಟನೇ ತುಂಡು ಎಂಬುದನ್ನು ತುಂಡಿನ ಅಳತೆಯಿಂದ ಗುಣಿಸುವ ಜಾಗ ಅದು. ಉತ್ತರ ಇಡುವ ಪಾತ್ರೆ ದೊಡ್ಡದು ಮಾಡಿದ್ದೆ, ಆದರೆ ಗುಣಾಕಾರ ನಡೆಯುವುದು ಆ ಯಂತ್ರದ ಸ್ವಂತ ಅಳತೆಯಲ್ಲಿ, ಅದು ಮೂವತ್ತೆರಡೇ. ನನ್ನ ಕಂಪ್ಯೂಟರಿನಲ್ಲಿ ಈ ತೊಂದರೆ ಕಾಣುವಂತೆಯೇ ಇಲ್ಲ. ಗುಣಿಸುವ ಮೊದಲೇ ಎರಡೂ ಅಂಕಿಗಳನ್ನು ದೊಡ್ಡದು ಮಾಡಿಕೊಳ್ಳುವಂತೆ ಅಲ್ಲೇ ಕೂತು ತಿದ್ದಿದೆ. ಇದು ನಿಜಕ್ಕೂ ಒಂದೇ ಸಾಲು. ಮಾಲೀಕರಿಗೆ ಹೇಳಲಿಲ್ಲ.

ಮತ್ತೆ ಓಡಿಸಿದಾಗ ಕೊನೆಯವರೆಗೆ ಹೋಯಿತು. ಹೊಸದುರ್ಗದವರ ಫೋನು ಆಗಲೇ ಬರುತ್ತಿತ್ತು. "ಮೇಡಂ ಎಲ್ಲಿದೀರಿ? ಅವ್ರು ಬಂದು ಕುಂತವ್ರೆ. ನಾನು ಟೀ ಕೊಟ್ಟೆ, ಪೇಪರ್ ಕೊಟ್ಟೆ, ಇನ್ನೇನ್ ಕೊಡ್ಲಿ?"

ನಾನು ಹೋದಾಗ ದೊಡ್ಡಪ್ಪ ಚಪ್ಪಲಿ ಹೊರಗೆ ಬಿಟ್ಟು ಬೆಂಚಿನ ತುದಿಯಲ್ಲಿ ಕೂತಿದ್ದರು. ಎತ್ತರದ ಆಳು, ಬಿಸಿಲಿಗೆ ಕಪ್ಪಾದ ಮುಖ, ತಲೆಗೆ ಬಿಗಿಯಾಗಿ ಸುತ್ತಿದ ರುಮಾಲು. "ಕಂಪ್ಯೂಟರ್ ಅಮ್ಮ ಬಂದ್ರೇನಪ್ಪ?" ಎಂದು ಸ್ಟುಡಿಯೋದವರನ್ನು ಕೇಳಿ ನನ್ನ ಕಡೆ ನೋಡಿ ಸುಮ್ಮನೆ ತಲೆ ಆಡಿಸಿದರು. ಇವರಿಗೆ ಅರ್ಧ ಧಾರೆ ತೋರಿಸಿ ಕಳಿಸುವುದಾಗಿದ್ದರೆ ಈ ಮುಖವನ್ನು ಹೇಗೆ ನೋಡುತ್ತಿದ್ದೆ ಅನ್ನಿಸಿತು.

ಸ್ಟುಡಿಯೋದವರು ವಿಡಿಯೋ ಹಾಕಿ, ನೇರ ಧಾರೆಗೆ ಹೋಗೋಣ ಎಂದು ಮುಂದೆ ಓಡಿಸಲು ಹೋದರು. "ಓಡಿಸ್ಬೇಡ್ರಿ, ಮೊದ್ಲಿಂದ ಹಾಕ್ರಿ" ಎಂದರು ದೊಡ್ಡಪ್ಪ. ಮೊದಲಿನಿಂದಲೇ ನೋಡಿದರು. ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದ ತಮ್ಮನನ್ನು ನೋಡಿ, "ಲೇ, ಬಂದೋರ್ನ ಒಳಗೆ ಕರೆಯೋ, ಬಾಯಿ ಹೊಡ್ಕಂತ ನಿಂತವ್ನೆ ನೋಡು" ಎಂದು ಪರದೆಗೇ ಬೈದರು. ಯಾರದೋ ಅಜ್ಜಿಯನ್ನು ಕಂಡು ನಕ್ಕರು. ಹುಡುಗಿ ಹಸೆಮಣೆಗೆ ಬಂದಾಗ ಬೆಂಚಿನ ಮೇಲೆ ಮುಂದಕ್ಕೆ ಸರಿದು ಕೂತರು.

ಮೊದಲು ನಿಂತಿದ್ದ ಜಾಗ ದಾಟಿತು. ಮದುವೆ ಮತ್ತೆ ಶುರುವಾಗಿದ್ದ ಜಾಗವೂ ಬಂತು. ನಾನು ಸ್ಟೂಲಿನ ಅಂಚು ಹಿಡಿದು ಕೂತಿದ್ದೆ. ಪುರೋಹಿತರು ಏನೋ ಹೇಳಿದರು, ಹುಡುಗಿ ತಲೆ ಎತ್ತಿದಳು, ಪಕ್ಕದಲ್ಲಿದ್ದ ಹೆಂಗಸಿನ ಕಿವಿಯಲ್ಲಿ ಏನೋ ಹೇಳಿದಳು. ಆ ಹೆಂಗಸು ಎದ್ದು ಹೋದಳು. ಧಾರೆ ಹಾಗೇ ನಿಂತಿತು. ಪುರೋಹಿತರು ಗಡಿಯಾರ ನೋಡಿಕೊಂಡರು, ಜನ ಗುಜುಗುಜು ಅಂದರು. ಎಡಿಟ್ ಮಾಡುವವರು ಮೊದಲು ಕತ್ತರಿಸಿ ಬಿಸಾಡುವುದು ಇಂಥದ್ದನ್ನೇ.

ಹೆಂಗಸು ವಾಪಸ್ ಬಂದಳು. ಕೈಯಲ್ಲಿ ಮಡಚಿದ ಕರಿ ಕಂಬಳಿ. ಹುಡುಗಿ ಅದನ್ನು ಇಸಿದುಕೊಂಡು, ಚಿಕ್ಕಪ್ಪನ ಪಕ್ಕದಲ್ಲಿ ಖಾಲಿ ಇದ್ದ ಮಣೆಯ ಮೇಲೆ ತಾನೇ ಹಾಸಿದಳು. ಚಿಕ್ಕಪ್ಪ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಆಮೇಲೆ ಧಾರೆ ಎರೆದರು.

"ನಿಲ್ಸ್ರಿ" ಎಂದರು ದೊಡ್ಡಪ್ಪ.

ಸ್ಟುಡಿಯೋದವರು ನಿಲ್ಲಿಸಿದರು. ದೊಡ್ಡಪ್ಪ ಎದ್ದು ಪರದೆಯ ಹತ್ತಿರ ಹೋಗಿ ಬಗ್ಗಿ ನೋಡಿದರು. "ಇದ್ನ ಯಾರೂ ನಂಗೆ ಹೇಳೇ ಇಲ್ಲ" ಎಂದರು. ಆಮೇಲೆ ಜೇಬಿನಿಂದ ಫೋನ್ ತೆಗೆದು, ಕೀ ಹುಡುಕಿ ಒತ್ತಿ, ಕಿವಿಗೆ ಹಿಡಿದರು. ಹಳೇ ಫೋನು, ಆ ಕಡೆಯ ದನಿ ಕೋಣೆಗೆಲ್ಲ ಕೇಳುತ್ತಿತ್ತು.

"ಅವ್ವಾ, ನಾನು ಕಣೆ. ಸ್ಟುಡಿಯೋದಾಗೆ ಕುಂತಿದೀನಿ, ನಿನ್ ಮದ್ವೆ ನೋಡ್ತಾ."

"ಊಟ ಮಾಡಿದ್ಯಾ ದೊಡ್ಡಪ್ಪ?"

"ಊಟ ಹಂಗಿರ್ಲಿ. ಅಲ್ಲ ಕಣೆ, ಆ ಹಳೇ ಕಂಬ್ಳಿ ಯಾಕೆ ಹಾಸ್ದೆ? ತೂತು ಬಿದ್ದೈತೆ, ಅಷ್ಟು ಜನದ ಮುಂದೆ! ಪೆಟ್ಟಿಗೇಲಿ ಹೊಸಾದು ಇತ್ತಲ್ಲ?"



"ಹೊಸದನ್ನ ನೀನು ಇನ್ನೂ ಹೊದ್ದೇ ಇ‌ರ್ಲಿಲ್ವಲ್ಲ ದೊಡ್ಡಪ್ಪ."